ಸಂಜೆಯಾದರೆ ಸಾಕು, ಎಲ್ಲರ ಮೇಲೂ ರೇಗುತ್ತೇನೆ. ಏನು ಮಾಡಲಿ?

ಪ್ರಶ್ನೆ: ನನಗೆ 42 ವರ್ಷ, ಶಿವಮೊಗ್ಗದಲ್ಲಿ ಹೈಸ್ಕೂಲ್ ಶಿಕ್ಷಕಿ. ಎಂಟು ತಿಂಗಳಿಂದ ಸಣ್ಣಪುಟ್ಟದಕ್ಕೂ ರೇಗುತ್ತಿದ್ದೇನೆ. ಒಂಬತ್ತು ವರ್ಷದ ಮಗ ನಿಧಾನಕ್ಕೆ ಊಟ ಮಾಡಿದರೆ, ಮಿಕ್ಸಿ ಹಾಕಿದಾಗ ಯಾರಾದರೂ ಟಿವಿ ಜೋರು ಮಾಡಿದರೆ, ಅತ್ತೆ ಒಂದೇ ಮಾತನ್ನು ಎರಡು ಸಲ ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ. ಸಂಜೆ ಆರೂವರೆಯಿಂದ ಎಂಟರ ತನಕ ತೀರಾ ಹೆಚ್ಚು, ಮುಟ್ಟಿಗೆ ಒಂದು ವಾರ ಮುಂಚೆ ಇನ್ನೂ ಜಾಸ್ತಿ. ಎರಡು ಸಲ ಮಗನಿಗೆ ಹೊಡೆದೂಬಿಟ್ಟೆ. ಮಲಗುವಾಗ ಅಳು ಬರುತ್ತದೆ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುತ್ತೇನೆ. ಥೈರಾಯ್ಡ್ ಕಡಿಮೆ ಇದೆ ಎಂದು ಮೂರು ವರ್ಷದಿಂದ ಮಾತ್ರೆ ಇದೆ, ಎದ್ದ ಕೂಡಲೇ ಕಾಫಿ ಜೊತೆ ನುಂಗುತ್ತೇನೆ. ರಕ್ತಪರೀಕ್ಷೆ ಮಾಡಿಸಿ ವರ್ಷದ ಮೇಲಾಯಿತು. ದಿನಕ್ಕೆ ಐದು ಸಲ ಕಾಫಿ, ಟೀ ಆಗುತ್ತದೆ. ಈಚೆಗೆ ಮುಟ್ಟಿನ ಸ್ರಾವವೂ ಹೆಚ್ಚಾಗಿದೆ. ಮನೆಯಲ್ಲಿ ಎಲ್ಲರೂ ‘ನಿಂದು ಮುಂಗೋಪ’ ಅಂತಾರೆ. ಮೊದಲು ನಾನು ಹೀಗಿರಲಿಲ್ಲ. ತಾಳ್ಮೆ ಬೆಳೆಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಮಾತು ‘ಮೊದಲು ನಾನು ಹೀಗಿರಲಿಲ್ಲ’ ಎಂಬುದು. ಹುಟ್ಟಾ ಮುಂಗೋಪಿಗಳು 42ನೇ ವಯಸ್ಸಿನಲ್ಲಿ ಹೊಸದಾಗಿ ಮುಂಗೋಪಿಗಳಾಗುವುದಿಲ್ಲ. ಎಂಟು ತಿಂಗಳಿಂದ ಶುರುವಾದ ಸಿಡುಕು ಜ್ವರದ ಹಾಗೆ ಒಂದು ಲಕ್ಷಣ. ಜ್ವರ ಯಾಕೆ ಬಂತು ಎಂದು ಹುಡುಕದೆ ತಣ್ಣೀರು ಬಟ್ಟೆ ಹಾಕುತ್ತಲೇ ಇದ್ದರೆ ಪ್ರಯೋಜನವಿಲ್ಲ. ಹಾಗಾಗಿ ತಾಳ್ಮೆಯ ಮಾತನ್ನು ಸ್ವಲ್ಪ ಮುಂದಕ್ಕೆ ಇಡೋಣ. ಮಗನ ನಿಧಾನ, ಟಿವಿ ಸದ್ದು, ಅತ್ತೆಯ ಪ್ರಶ್ನೆ ಹೋದ ವರ್ಷವೂ ಇದ್ದವು. ಆಗ ತಡೆದುಕೊಳ್ಳಲು ಆಗುತ್ತಿದ್ದದ್ದು ಈಗ ಯಾಕೆ ಆಗುತ್ತಿಲ್ಲ ಎಂಬುದನ್ನು ನೋಡಬೇಕು. ಅದಕ್ಕೆ ಬೇಕಾದ ಸುಳಿವುಗಳನ್ನು ನೀವೇ ಕೊಟ್ಟಿದ್ದೀರಿ: ಮಾತ್ರೆ ನುಂಗುವ ರೀತಿ, ಸ್ರಾವ, ನಿದ್ದೆ, ಮುಟ್ಟಿನ ಮುಂಚಿನ ವಾರ, ಸಂಜೆಯ ಆ ಒಂದೂವರೆ ಗಂಟೆ.

ಮಾತ್ರೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ಸುಲಭವಾಗಿ ಸರಿಯಾಗುವಂಥದ್ದು. ಥೈರಾಯ್ಡ್ ಕಡಿಮೆಯಿದ್ದವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ತಿಂಡಿಗೆ ಕನಿಷ್ಠ 30 ನಿಮಿಷ, ಸಾಧ್ಯವಾದರೆ 60 ನಿಮಿಷ ಅಂತರ ಬೇಕು. ಕಾಫಿಯ ಜೊತೆ ಹೋದ ಮಾತ್ರೆ ಕರುಳಿನಲ್ಲಿ ಪೂರ್ತಿ ಹೀರಲ್ಪಡುವುದಿಲ್ಲ, ಹಾಲಿನ ಕ್ಯಾಲ್ಸಿಯಂ ಕೂಡ ಅದನ್ನು ತಡೆಯುತ್ತದೆ. ಅಂದರೆ ದಿನವೂ ತಪ್ಪದೆ ನುಂಗಿದರೂ ದೇಹಕ್ಕೆ ಸಿಗುತ್ತಿರುವುದು ಕಡಿಮೆ ಇರಬಹುದು. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು, ಅಳು, ಹೆಚ್ಚು ಸ್ರಾವ, ಜೊತೆಗೆ ಸಿಡುಕು. ಡೋಸ್ ಹೆಚ್ಚಾದರೂ ಸಿಡುಕೇ, ಆದರೆ ಆಗ ಎದೆ ಡವಡವ, ಕೈನಡುಕ, ಬೆವರು, ತೂಕ ಇಳಿಯುವುದು ಜೊತೆಗೂಡುತ್ತವೆ.

ಇಲ್ಲೊಂದು ಎಚ್ಚರಿಕೆ. ಇದನ್ನು ಓದಿದ ಕೂಡಲೇ ನಾಳೆಯಿಂದ ನೀರಿನ ಜೊತೆ ನುಂಗಲು ಶುರು ಮಾಡಬೇಡಿ. ಮೊದಲು ಈಗಿನ ಸ್ಥಿತಿಯಲ್ಲೇ ಥೈರಾಯ್ಡ್ ಮಟ್ಟ ತೋರಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ರಕ್ತ ಕೊಟ್ಟಾದ ಮೇಲೆ ಆ ದಿನದ ಮಾತ್ರೆ ತೆಗೆದುಕೊಳ್ಳಿ. ಸಾಮಾನ್ಯವಾಗಿ 0.4ರಿಂದ 4ರ ಒಳಗಿದ್ದರೆ ಸರಿ ಎನ್ನುತ್ತಾರೆ, ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ವರದಿ ಬಂದ ಮೇಲೆ ವೈದ್ಯರಿಗೆ ‘ಇಷ್ಟು ದಿನ ಕಾಫಿ ಜೊತೆ ನುಂಗುತ್ತಿದ್ದೆ’ ಎಂದು ಹೇಳಲೇಬೇಕು. ಹೇಳದಿದ್ದರೆ ಅವರು ಡೋಸ್ ಏರಿಸಬಹುದು. ಆಮೇಲೆ ನೀವು ಸಮಯವನ್ನೂ ಸರಿಮಾಡಿಕೊಂಡರೆ ಎರಡೂ ಸೇರಿ ಔಷಧ ಹೆಚ್ಚಾಗಿ, ಸಿಡುಕು ಇನ್ನೊಂದು ದಾರಿಯಿಂದ ವಾಪಸ್ ಬರುತ್ತದೆ. ಸಮಯ ಅಥವಾ ಡೋಸ್ ಬದಲಾಯಿಸಿದ ಮೇಲೆ 6ರಿಂದ 8 ವಾರ ಬಿಟ್ಟು ಮತ್ತೆ ಪರೀಕ್ಷೆ. ಅದಕ್ಕೆ ಮುಂಚೆ ಮಾಡಿಸಿದರೆ ನಿಜವಾದ ಅಂಕಿ ಸಿಗುವುದಿಲ್ಲ. ಕೂದಲು ಉದುರುತ್ತದೆಂದು ಬಯೋಟಿನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ಕೆಲವು ಯಂತ್ರಗಳಲ್ಲಿ ವರದಿಯನ್ನೇ ತಪ್ಪಾಗಿಸುತ್ತದೆ. ಬೆಳಗಿನ ಕಾಫಿ ಬಿಟ್ಟಿರಲು ಆಗುವುದೇ ಇಲ್ಲ ಎಂದಾದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದು ಮಲಗುವಾಗ ನುಂಗುವ ಕ್ರಮವೂ ಇದೆ, ವೈದ್ಯರನ್ನು ಕೇಳಿ. ಐದಕ್ಕೆ ಏಳುವ ನಿಮಗೆ ಎದ್ದ ಕೂಡಲೇ ಮಾತ್ರೆ, ಆರಕ್ಕೆ ಕಾಫಿ ಎಂಬುದು ಕಷ್ಟವಾಗಲಾರದು.

ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಬಿ12, ಸಕ್ಕರೆ ಎಲ್ಲವನ್ನೂ ನೋಡಿಸಿಬಿಡಿ. ಸ್ರಾವ ಹೆಚ್ಚಿರುವುದರಿಂದ ಕಬ್ಬಿಣದ ಕೊರತೆಯ ಅನುಮಾನ ಬಲವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಆದರೆ 12.3 ಇದೆ ಎಂದು ನೆಮ್ಮದಿಯಿಂದ ಕೂರಬೇಡಿ. ಹಿಮೋಗ್ಲೋಬಿನ್ ಬೀಳುವುದಕ್ಕೆ ಬಹಳ ಮುಂಚೆಯೇ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಾ ಬಂದಿರುತ್ತದೆ, ಸುಸ್ತು ಮತ್ತು ಸಿಡುಕು ಆ ಹಂತದಲ್ಲೇ ಶುರುವಾಗಬಹುದು. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್. 30ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೇ ಹಿಡಿದು ಚಿಕಿತ್ಸೆ ಕೊಡುವುದುಂಟು. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ, ಕಾಫಿ, ಟೀಗೆ ಒಂದು ಗಂಟೆ ದೂರವಿರಲಿ, ಒಂದು ಲೋಟ ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಬಹುಪಾಲು ಜನ ಎಡವುವುದು ಒಂದೇ ಕಡೆ: ಒಂದು ತಿಂಗಳಿಗೆ ಚೈತನ್ಯ ಬಂತೆಂದು ನಿಲ್ಲಿಸಿಬಿಡುತ್ತಾರೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ದಾಸ್ತಾನು ತುಂಬುತ್ತದೆ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೋಯುತ್ತಿದ್ದರೆ, ಗಡ್ಡೆಗಡ್ಡೆಯಾಗಿ ಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ ಗಂಟು ಇದ್ದರೆ ಬರೀ ಕಬ್ಬಿಣ ತುಂಬಿಸುವುದರಿಂದ ಮುಗಿಯುವುದಿಲ್ಲ. ನೀವು ಸಸ್ಯಾಹಾರಿಯಾಗಿದ್ದರೆ ಬಿ12 ಪರೀಕ್ಷೆ ಬಿಡಲೇಬೇಡಿ.

ಇನ್ನು ನಿದ್ದೆ. ಹನ್ನೊಂದೂವರೆಯಿಂದ ಐದು ಎಂದರೆ ಐದೂವರೆ ಗಂಟೆ. ವಯಸ್ಕರಿಗೆ ಬೇಕಾದದ್ದು ಕನಿಷ್ಠ ಏಳು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಮನ ಕಲಕುವ ಚಿತ್ರಗಳನ್ನು ತೋರಿಸಿದಾಗ ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಭಾಗ, ನಿದ್ದೆ ಮಾಡಿದವರಿಗಿಂತ ಸುಮಾರು 60% ಹೆಚ್ಚು ಕೆರಳಿತ್ತು. ಅದನ್ನು ಹಿಡಿತದಲ್ಲಿಡುವ ಹಣೆಯ ಹಿಂದಿನ ಭಾಗದ ಜೊತೆ ಅದರ ಸಂಪರ್ಕವೂ ಸಡಿಲವಾಗಿತ್ತು. ನಿಮ್ಮದು ಪೂರ್ತಿ ನಿದ್ದೆಗೆಟ್ಟ ರಾತ್ರಿಯಲ್ಲ, ಆದರೆ ದಿನಕ್ಕೆ ಒಂದೂವರೆ ಗಂಟೆಯ ಸಾಲ ತಿಂಗಳುಗಟ್ಟಲೆ ಬೆಳೆದಿದೆ. ಏಳುವ ಸಮಯ ಬದಲಾಯಿಸಲು ಆಗದಿದ್ದರೆ ಮಲಗುವುದನ್ನು ವಾರಕ್ಕೆ 15 ನಿಮಿಷದಂತೆ ಹಿಂದಕ್ಕೆ ತನ್ನಿ, ಆರು ವಾರಕ್ಕೆ ಹತ್ತು ಗಂಟೆಗೆ ಬಂದು ನಿಲ್ಲುತ್ತೀರಿ. ಒಂದೇ ದಿನ ಹತ್ತಕ್ಕೆ ಮಲಗಿದರೆ ನಿದ್ದೆ ಬಾರದೆ ಹೊರಳಾಡಿ, ‘ನನಗೆ ಇದೂ ಆಗಲ್ಲ’ ಎಂದು ಬೇಸರವಾಗುತ್ತದೆ.

ಕಾಫಿಯ ಲೆಕ್ಕ ಇಲ್ಲಿಗೇ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬಾರದು ಎಂದಿದೆ. ಅದರ ಪ್ರಕಾರ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ನಿಮ್ಮ ಐದು ಲೋಟದಲ್ಲಿ ಮೂರು ಗಟ್ಟಿ ಕಾಫಿಯಾಗಿದ್ದರೆ ಮಿತಿ ಆಗಲೇ ದಾಟಿರಬಹುದು. ಒಟ್ಟು ಎಷ್ಟು ಎಂಬುದಕ್ಕಿಂತ ಕೊನೆಯ ಲೋಟ ಯಾವಾಗ ಎಂಬುದು ಮುಖ್ಯ. ಕೆಫೀನ್ ಅರ್ಧಕ್ಕೆ ಇಳಿಯಲು ಐದಾರು ಗಂಟೆ ಬೇಕು. ಸಂಜೆ ಆರರ ಕಾಫಿಯಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದೂವರೆಗೂ ಮೈಯಲ್ಲಿರುತ್ತದೆ. ಮಧ್ಯಾಹ್ನ ಎರಡರ ನಂತರ ಬೇಡ. ಹಾಗೆಂದು ಒಂದೇ ಸಲ ನಿಲ್ಲಿಸಬೇಡಿ. ಕೆಫೀನ್ ಥಟ್ಟನೆ ತಪ್ಪಿದರೆ ಒಂದು ದಿನದೊಳಗೆ ತಲೆನೋವು, ಕಿರಿಕಿರಿ ಶುರುವಾಗಿ ಒಂದು ವಾರದವರೆಗೂ ಕಾಡುತ್ತದೆ. ನಾಲ್ಕು ದಿನಕ್ಕೆ ಒಂದು ಲೋಟ ಕಡಿಮೆ ಮಾಡಿ, ಸಂಜೆಯದನ್ನೇ ಮೊದಲು ತೆಗೆಯಿರಿ.

ಮುಟ್ಟಿನ ಮುಂಚಿನ ವಾರದ ವಿಚಾರ ನೆನಪಿನಿಂದ ತೀರ್ಮಾನವಾಗುವುದಿಲ್ಲ, ಬರೆದಿಡಬೇಕು. ಗೋಡೆಯ ಕ್ಯಾಲೆಂಡರ್ ಸಾಕು. ದಿನವೂ ಮಲಗುವ ಮುನ್ನ ಆ ದಿನದ ಚೌಕದಲ್ಲಿ ಸಿಡುಕಿಗೆ 0ಯಿಂದ 3ರವರೆಗೆ ಒಂದು ಅಂಕಿ (0 ಇಲ್ಲ, 1 ಸ್ವಲ್ಪ, 2 ಸಾಕಷ್ಟು, 3 ಕೈಮೀರಿದ್ದು), ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಎಂಬುದು, ಮುಟ್ಟಿನ ದಿನಗಳಿಗೆ ಒಂದು ಗೆರೆ. ರೇಗಿದ ಸಮಯ ನೆನಪಿದ್ದರೆ ಅದನ್ನೂ ಬರೆಯಿರಿ. ಯಾರ ಮೇಲೆ, ಯಾಕೆ ಎಂದು ಬರೆಯಲು ಹೋಗಬೇಡಿ, ಅದು ಮನೆಯವರ ಮೇಲಿನ ದೂರುಗಳ ಪಟ್ಟಿಯಾಗುತ್ತದೆ. ಮುಟ್ಟಿನ ಎರಡು ಸುತ್ತು ಪೂರ್ತಿ ಬರೆಯಿರಿ.

ಓದುವ ಕ್ರಮ ಹೀಗೆ. ಮುಟ್ಟಿಗೆ ಏಳೆಂಟು ದಿನ ಮುಂಚೆ 2, 3 ಬಂದು, ಸ್ರಾವ ಶುರುವಾದ ಎರಡು ಮೂರು ದಿನಕ್ಕೆ ಇಳಿದು, ಆಮೇಲೆ ಒಂದು ವಾರ ಬಹುತೇಕ 0 ಇದ್ದರೆ ಅದು ಮುಟ್ಟಿನ ಚಕ್ರಕ್ಕೆ ಅಂಟಿದ ತೊಂದರೆ. ತಿಂಗಳಿಡೀ 1, 2 ಇದ್ದು ಆ ವಾರ 3ಕ್ಕೆ ಏರಿದರೆ, ಬೇರೇನೋ ಇದೆ, ಮುಟ್ಟು ಅದನ್ನು ಉಲ್ಬಣಿಸುತ್ತಿದೆ ಎಂದರ್ಥ. ಎರಡಕ್ಕೂ ಚಿಕಿತ್ಸೆ ಬೇರೆ. ಮೊದಲನೆಯದು ತೀವ್ರವಾಗಿದ್ದರೆ ಮಿದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ ಮಾತ್ರೆಯನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಟ್ಟರೂ ಹಲವರಿಗೆ ಸಾಕಾಗುತ್ತದೆ, ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನಿಮ್ಮ ವಯಸ್ಸಿಗೆ ಇನ್ನೊಂದನ್ನೂ ಕ್ಯಾಲೆಂಡರ್ ತೋರಿಸುತ್ತದೆ: ಒಂದು ಸುತ್ತಿಗೂ ಇನ್ನೊಂದಕ್ಕೂ ಏಳು ದಿನ ಅಥವಾ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬರುತ್ತಿದ್ದರೆ ಮುಟ್ಟು ನಿಲ್ಲುವ ಮುಂಚಿನ ಹಂತ ಶುರುವಾಗಿರಬಹುದು. ಆ ಹಂತದಲ್ಲಿ ಸಿಡುಕು, ರಾತ್ರಿ ಬೆವರು, ನಡುರಾತ್ರಿಯ ಎಚ್ಚರ ಬಹಳ ಸಾಮಾನ್ಯ. ಇದನ್ನು ಯಾರೂ ಮನೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಎಷ್ಟೋ ಹೆಂಗಸರು ಈ ವರ್ಷಗಳನ್ನು ತಮ್ಮ ಗುಣವೇ ಕೆಟ್ಟಿತು ಎಂದುಕೊಂಡು ಕಳೆಯುತ್ತಾರೆ.

ಸಂಜೆ ಆರೂವರೆಯಿಂದ ಎಂಟು. ಈ ಹೊತ್ತನ್ನು ಸ್ವಲ್ಪ ಬಿಡಿಸಿ ನೋಡಿ. ಒಂದೂವರೆಗೆ ಊಟವಾದ ಮೇಲೆ ಹೊಟ್ಟೆಗೆ ಕಾಫಿ ಬಿಟ್ಟರೆ ಏನೂ ಬಿದ್ದಿರುವುದಿಲ್ಲ. ದಿನವಿಡೀ ತರಗತಿಯ ಗದ್ದಲ ಕೇಳಿದ ಕಿವಿಗೆ ಮಿಕ್ಸಿ, ಕುಕ್ಕರ್, ಟಿವಿ ಒಟ್ಟಿಗೆ ಬಡಿಯುತ್ತವೆ. ಕೈ ಒಗ್ಗರಣೆಯಲ್ಲಿದ್ದಾಗ ಮಗ ಲೆಕ್ಕ ಕೇಳುತ್ತಾನೆ, ಶಾಲೆಯ ವಾಟ್ಸ್ಆ್ಯಪ್ ಗುಂಪು ಟಿಣ್ ಎನ್ನುತ್ತದೆ. ಮಾಡುತ್ತಿರುವ ಕೆಲಸ ತುಂಡಾದಾಗಲೆಲ್ಲ ಮತ್ತೆ ಅದಕ್ಕೆ ಮರಳಲು ಮಿದುಳು ಶ್ರಮಪಡಬೇಕು. ಇಲ್ಲಿ ತಾಳ್ಮೆಯ ಪರೀಕ್ಷೆ ಮಾಡಿಕೊಳ್ಳುವುದಕ್ಕಿಂತ ಹೊತ್ತನ್ನೇ ಬದಲಾಯಿಸುವುದು ಸುಲಭ. ಮನೆಗೆ ಬಂದವರು ಐದೂವರೆಯೊಳಗೆ, ಅಡುಗೆಮನೆಗೆ ಹೋಗುವ ಮುಂಚೆ, ಕುಳಿತು ಏನಾದರೂ ತಿನ್ನಿ: ಒಂದು ಹಿಡಿ ಶೇಂಗಾ ಮತ್ತು ಬಾಳೆಹಣ್ಣು, ಹೆಸರುಕಾಳಿನ ಉಸಲಿ, ಇಲ್ಲ ಮೊಟ್ಟೆ. ಬಿಸ್ಕತ್ತು ಬೇಡ, ಅದು ಹೆಚ್ಚು ಹೊತ್ತು ತಡೆಯುವುದಿಲ್ಲ. ರುಬ್ಬುವ ಕೆಲಸ ಬೆಳಿಗ್ಗೆಗೇ ಮುಗಿಯಲಿ. ಮಗನ ಹೋಂವರ್ಕ್ ಅಡುಗೆಯ ಹೊತ್ತಿಗೆ ಬೇಡ, ಏಳೂವರೆಯ ಊಟದ ನಂತರ ಅರ್ಧ ಗಂಟೆ. ಆರರಿಂದ ಒಂಬತ್ತರ ತನಕ ಗುಂಪುಗಳು ಮ್ಯೂಟ್.

ಇದೆಲ್ಲ ನಿಮ್ಮೊಬ್ಬರ ಹೆಗಲಿಗೇ ಮತ್ತೆ ಬಿದ್ದರೆ ಅರ್ಥವಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಸಿಡುಕಿನ ಒಂದು ಪಾಲು ಈ ಲೆಕ್ಕದಿಂದ ಬರುತ್ತದೆ, ಅದು ನ್ಯಾಯವಾದ ಸಿಟ್ಟು, ಅದನ್ನು ಉಸಿರಾಟದ ಅಭ್ಯಾಸದಿಂದ ನುಂಗಿಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ಕೇಳುವ ರೀತಿ ಮುಖ್ಯ. ‘ಸ್ವಲ್ಪ ಸಹಾಯ ಮಾಡಿ’ ಎಂದರೆ ಏನು, ಯಾವಾಗ ಎಂದು ನೆನಪಿಸುವ ಕೆಲಸ ನಿಮ್ಮಲ್ಲೇ ಉಳಿಯುತ್ತದೆ. ಅದರ ಬದಲು ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಪ್ಪಿಸಿ: ಮಗನ ಹೋಂವರ್ಕ್, ಬ್ಯಾಗು, ಶಾಲೆಯ ಸಂದೇಶಗಳು ಪೂರ್ತಿ ನಿಮ್ಮ ಯಜಮಾನರದ್ದು. ಇದನ್ನು ಸಂಜೆ ಏಳಕ್ಕೆ ರೇಗುತ್ತಾ ಹೇಳಬೇಡಿ, ಭಾನುವಾರ ತಿಂಡಿಯಾದ ಮೇಲೆ ಹೇಳಿ. ಮೊದಲ ಎರಡು ವಾರ ಅವರು ಮಾಡಿದ್ದು ನಿಮಗೆ ಸರಿಕಾಣುವುದಿಲ್ಲ. ನಡುವೆ ಕೈಹಾಕಿ ತಿದ್ದಿದರೆ ಕೆಲಸ ಮತ್ತೆ ನಿಮ್ಮ ಪಾಲಿಗೇ ಬರುತ್ತದೆ. ಅತ್ತೆ ಒಂದೇ ಮಾತನ್ನು ಎರಡು ಸಲ ಕೇಳುತ್ತಾರೆ ಎಂದಿದ್ದೀರಿ. ಒಮ್ಮೆ ಅವರ ಕಿವಿ ಪರೀಕ್ಷೆ ಮಾಡಿಸಿ. ಕಿವಿ ಮಂದವಾದವರು ಟಿವಿ ಜೋರು ಮಾಡುವುದೂ ಅದಕ್ಕೇ.

ಇಷ್ಟಾದರೂ ಸಿಟ್ಟು ಬರುವ ಗಳಿಗೆ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಮೈ ಸೂಚನೆ ಕೊಡುತ್ತದೆ: ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಪಾತ್ರೆ ಇಡುವ ಸದ್ದು ಜೋರಾಗುತ್ತದೆ. ನಿಮ್ಮದು ಯಾವುದೆಂದು ಗುರುತಿಸಿಕೊಳ್ಳಿ. ಅದು ಕಂಡ ಕೂಡಲೇ ಒಲೆ ಆರಿಸಿ. ‘ನನಗೀಗ ಸಿಟ್ಟು ಬರ್ತಿದೆ, ಐದು ನಿಮಿಷ ಬಿಟ್ಟು ಮಾತಾಡ್ತೀನಿ’ ಎಂದು ಬಾಯಿಬಿಟ್ಟು ಹೇಳಿ ಆಚೆ ಹೋಗಿ. ಹೇಳದೆ ಹೋದರೆ ಮಗುವಿಗೆ ಅದು ಮುನಿಸಾಗಿ ಕಾಣುತ್ತದೆ. ಭುಜ ಇಳಿಬಿಟ್ಟು, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ಸಲ. ನೂರು ಸೆಕೆಂಡ್ ಹಿಡಿಯುತ್ತದೆ. ಹೇಳಿದ ಐದು ನಿಮಿಷಕ್ಕೆ ವಾಪಸ್ ಬನ್ನಿ. ಇದು ಕೈಕೊಡುವುದು ಸಿಟ್ಟು ಬಂದಾಗ ಮಾತ್ರ ಪ್ರಯತ್ನಿಸಿದರೆ. ಶಾಂತವಾಗಿರುವಾಗ ದಿನಕ್ಕೆರಡು ಸಲ ಐದೈದು ನಿಮಿಷ, ಎರಡು ವಾರ ಮಾಡಿದ್ದರೆ ಬೇಕಾದಾಗ ಕೈಗೆ ಸಿಗುತ್ತದೆ. ಆಚೆ ಹೋಗಿ ಅದೇ ಜಗಳವನ್ನು ಮನಸ್ಸಿನಲ್ಲಿ ಮುಂದುವರಿಸಿದರೂ ಕೆಲಸಕ್ಕೆ ಬರುವುದಿಲ್ಲ. ದಿಂಬಿಗೆ ಗುದ್ದಿ, ಕೂಗಾಡಿ ಸಿಟ್ಟು ಹೊರಹಾಕಿ ಎಂಬ ಸಲಹೆ ಕೇಳಿರುತ್ತೀರಿ. 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಕಂಡುಕೊಂಡದ್ದು ಇದಕ್ಕೆ ವಿರುದ್ಧ: ಮೈಯ ಕಾವನ್ನು ಇಳಿಸುವಂಥದ್ದು ಸಿಟ್ಟನ್ನು ಇಳಿಸುತ್ತದೆ, ಕಾವೇರಿಸುವಂಥದ್ದು ಇಳಿಸುವುದಿಲ್ಲ.

ಮಗನ ವಿಷಯ. ಹೊಡೆದದ್ದನ್ನು ಬರೆದು ಒಳ್ಳೆಯದು ಮಾಡಿದಿರಿ. ರೇಗಿದ ದಿನವೇ, ಅವನು ಮಲಗುವ ಮುಂಚೆ, ಅವನ ಪಕ್ಕ ಕುಳಿತು ಮೂರು ಮಾತು ಹೇಳಿ: ‘ಇವತ್ತು ನಾನು ಕೂಗಿದೆ. ಅದು ನನ್ನ ತಪ್ಪು, ನಿಂದಲ್ಲ. ಇನ್ನೊಂದ್ಸಲ ಸಿಟ್ಟು ಬಂದ್ರೆ ಆಚೆ ಹೋಗಿ ಬರ್ತೀನಿ.’ ಅಲ್ಲಿಗೆ ನಿಲ್ಲಿಸಿ. ‘ನೀನೂ ಬೇಗ ಊಟ ಮಾಡ್ಬೇಕಲ್ವಾ’ ಎಂದು ಸೇರಿಸಿದರೆ ಕ್ಷಮೆ ಕೇಳಿದ್ದು ಅಳಿಸಿಹೋಗುತ್ತದೆ. ಚಾಕೊಲೇಟ್ ಕೊಟ್ಟು ಸರಿಮಾಡಲೂ ಹೋಗಬೇಡಿ.

ಮನೋವೈದ್ಯರನ್ನು ಯಾವಾಗ ನೋಡಬೇಕು? ಆತಂಕವನ್ನು ಅಳೆಯಲು ವೈದ್ಯರು ಬಳಸುವ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯಲ್ಲಿ ಆರನೆಯದೇ ಸುಲಭವಾಗಿ ರೇಗುವ ಬಗ್ಗೆ. ಹಿಂದಿನ ಎರಡು ವಾರವನ್ನು ನೆನೆದು ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ. ಒಟ್ಟು 21ರಲ್ಲಿ 10 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು. ನಿಮಗೆ ಮಲಗುವಾಗ ಅಳು ಬರುತ್ತದೆ. ಹಿಂದೆ ಖುಷಿ ಕೊಡುತ್ತಿದ್ದ ಯಾವುದರಲ್ಲೂ ಮನಸ್ಸು ನಿಲ್ಲದೆ ಇದ್ದರೆ ಖಿನ್ನತೆಯನ್ನೂ ನೋಡಬೇಕು. ಖಿನ್ನತೆ ಎಲ್ಲರಲ್ಲೂ ಮಂಕಾಗಿಯೇ ಕಾಣಿಸುವುದಿಲ್ಲ, ಸಿಡುಕಿನ ವೇಷದಲ್ಲೂ ಬರುತ್ತದೆ. ರಕ್ತದ ವರದಿ, ಎರಡು ತಿಂಗಳ ಕ್ಯಾಲೆಂಡರ್, ಈಗ ನುಂಗುವ ಎಲ್ಲ ಮಾತ್ರೆಗಳ ಹೆಸರು ತೆಗೆದುಕೊಂಡು ಹೋಗಿ. ಅಲರ್ಜಿ, ಉಬ್ಬಸಕ್ಕೆ ಕೊಡುವ ಮಾಂಟೆಲುಕಾಸ್ಟ್, ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಂ, ಸ್ಟಿರಾಯ್ಡ್ ಇವೂ ಕೆಲವರಲ್ಲಿ ಸಿಡುಕು ತರುತ್ತವೆ. ಇಂಥದ್ದು ಪಟ್ಟಿಯಲ್ಲಿದ್ದರೆ ನೀವಾಗಿ ನಿಲ್ಲಿಸದೆ ಕೇಳಿ. ಯಾವಾಗಲಾದರೂ ನಾಲ್ಕೈದು ದಿನ ಸತತವಾಗಿ ಮೂರು ಗಂಟೆ ಮಲಗಿಯೂ ಆಯಾಸವೇ ಇಲ್ಲದೆ, ಮಾತು, ಖರ್ಚು ಹೆಚ್ಚಾಗಿದ್ದರೆ, ಅಥವಾ ಮನೆತನದಲ್ಲಿ ಬೈಪೋಲಾರ್ ಕಾಯಿಲೆ ಇದ್ದರೆ ತಪ್ಪದೆ ಹೇಳಬೇಕು, ಚಿಕಿತ್ಸೆಯೇ ಬದಲಾಗುತ್ತದೆ. ಖಿನ್ನತೆ, ಆತಂಕದ ಮಾತ್ರೆ ಶುರು ಮಾಡಿದರೆ ಮೊದಲ ವಾರ ಚಡಪಡಿಕೆ ತುಸು ಹೆಚ್ಚಾಗಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಯಾರೋ ಹೇಳಿದರೆಂದು ಮೆಡಿಕಲ್ ಶಾಪಿನಿಂದ ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್ ತಂದು ನುಂಗಬೇಡಿ. ಆ ರಾತ್ರಿ ನಿದ್ದೆ ಬರುತ್ತದೆ, ಆದರೆ ಅದು ಬೇಗ ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ, ಇಳಿಯುವ ಹೊತ್ತಿಗೆ ಸಿಡುಕು ಇಮ್ಮಡಿಯಾಗಿ ಬರುತ್ತದೆ.

ಕೆಲವು ಸಂಗತಿಗಳಿಗೆ ಎರಡು ತಿಂಗಳ ಕ್ಯಾಲೆಂಡರ್ ಕಾಯುವಂತಿಲ್ಲ: ಮಗನಿಗೆ ಮತ್ತೆ ಕೈ ಎತ್ತಿದರೆ, ಕೈ ಎತ್ತಿಬಿಡುತ್ತೇನೇನೋ ಎಂಬ ಭಯ ಹುಟ್ಟಿದರೆ, ಬದುಕೇ ಬೇಡ ಎನಿಸಿದರೆ ಅದೇ ದಿನ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳಲು ಮನಸ್ಸಿಲ್ಲದಿದ್ದರೂ ಕರೆ ಮಾಡಿ. ಉಳಿದಂತೆ ಈ ವಾರ ಆಗಬೇಕಾದದ್ದು ರಕ್ತಪರೀಕ್ಷೆ, ಐದೂವರೆಯ ತಿಂಡಿ, ಕ್ಯಾಲೆಂಡರಿನಲ್ಲಿ ಮೊದಲ ಅಂಕಿ, ಇಷ್ಟೇ. ಥೈರಾಯ್ಡ್ ಮಾತ್ರೆಯ ಸಮಯ ಬದಲಾಗುವುದು ವರದಿ ಕೈಗೆ ಬಂದ ಮೇಲೆ.